ಅಪ್‌ಡೇಟ್: ಭುಜದ ಕೃತಕ ಕೀಲು ತೆಗೆಸುವ ಬಗ್ಗೆ

ಸೋಂಕು ತಗುಲಿದ ಭುಜದ ಕೃತಕ ಕೀಲನ್ನು ತೆಗೆಯಲೇಬೇಕೇ, ಆಂಟಿಬಯಾಟಿಕ್ ಸಾಲದೇ ಎಂದು ಮಡಿಕೇರಿಯಿಂದ ಕೇಳಿದ್ದೆ. ಮಾವನವರ ಆಪರೇಷನ್ ಆಯಿತು. ಇದೇ ದಾರಿಯಲ್ಲಿರುವವರಿಗಾಗಿ ಬರೆಯುತ್ತಿದ್ದೇನೆ.

ಲೋಹದ ಮೇಲೆ ಬ್ಯಾಕ್ಟೀರಿಯಾ ಪೊರೆ ಕಟ್ಟಿಕೊಂಡರೆ ಔಷಧಿ ಅದರೊಳಗೆ ಸರಿಯಾಗಿ ಇಳಿಯುವುದಿಲ್ಲ. ಹಳೆಯ ಸೋಂಕಿಗೆ ಮಾತ್ರೆಯೊಂದೇ ಸಾಲದಿರುವುದು ಇದರಿಂದಲೇ. ಭುಜದಲ್ಲಿ ಹೆಚ್ಚಾಗಿ ಸಿಗುವ ಕ್ಯುಟಿಬ್ಯಾಕ್ಟೀರಿಯಂ ಆಕ್ನೆಸ್ ಎಂಬ ಬ್ಯಾಕ್ಟೀರಿಯಾ ಬಹಳ ನಿಧಾನವಾಗಿ ಬೆಳೆಯುತ್ತದೆ. ಜ್ವರ, ಕೀವು ಇಲ್ಲದೆ ಬರೀ ನೋವು, ಬಿಗಿತ ಇರಬಹುದು. ಉರಿಯೂತ ತೋರಿಸುವ ರಕ್ತಪರೀಕ್ಷೆ ಸಿಆರ್‌ಪಿ ಕೂಡ ಸರಿಯಾಗಿಯೇ ಬರಬಹುದು. ಆಪರೇಷನ್ನಿನಲ್ಲಿ ಕನಿಷ್ಠ 5 ಕಡೆಯಿಂದ ಅಂಗಾಂಶ ತೆಗೆದು, ಕಲ್ಚರನ್ನು (ಬ್ಯಾಕ್ಟೀರಿಯಾ ಬೆಳೆಯುತ್ತದೆಯೇ ಎಂದು ಲ್ಯಾಬಿನಲ್ಲಿ ನೋಡುವ ಪರೀಕ್ಷೆ) 14 ದಿನ ಇಡಬೇಕು. ಐದೇ ದಿನಕ್ಕೆ ‘ಏನೂ ಬೆಳೆದಿಲ್ಲ’ ಎಂದು ವರದಿ ಬಂದರೆ ದಯವಿಟ್ಟು ಅಲ್ಲಿಗೇ ಬಿಡಬೇಡಿ, ಕೇಳಿ.

ಹಳೆಯ ಡಿಸ್ಚಾರ್ಜ್ ಕಾಗದದಲ್ಲಿ ಇಂಪ್ಲಾಂಟ್ ಸ್ಟಿಕರ್ (ಹಾಕಿದ ಕೀಲಿನ ಕಂಪನಿ, ಮಾದರಿ ಬರೆದಿರುವ ಚೀಟಿ) ಇದೆಯೇ ನೋಡಿ. ಕೀಲು ಬಿಚ್ಚುವ ಸಲಕರಣೆ, ಸ್ಕ್ರೂ ಡ್ರೈವರ್ ಒಂದೊಂದು ಕಂಪನಿಗೆ ಒಂದೊಂದು ಥರ, ಮೊದಲೇ ತರಿಸಿಡಬೇಕು. ತೋಳಿನ ಮೂಳೆಯೊಳಗೆ ಗಟ್ಟಿಯಾಗಿ ಕೂತ ಕೃತಕ ಕೀಲಿನ ಕಂಬಿಯನ್ನು ಬಲವಂತವಾಗಿ ಎಳೆದರೆ ಮೂಳೆ ಮುರಿಯಬಹುದು. ಹಾಗಾಗಿ ಮೂಳೆಯನ್ನು ಉದ್ದಕ್ಕೆ ಸೀಳಿ, ಕಂಬಿ ತೆಗೆದು, ತಂತಿ ಸುತ್ತಿ ಬಿಗಿಯುವುದುಂಟು. ಪಕ್ಕದಲ್ಲೇ ಹಾಯುವ ಆಕ್ಸಿಲರಿ ನರಕ್ಕೆ ಪೆಟ್ಟಾದರೆ ತೋಳು ಎತ್ತುವ ಶಕ್ತಿ ಕುಂದುತ್ತದೆ.

ಎರಡು ಹಂತದ ಚಿಕಿತ್ಸೆಯಾದರೆ ಖಾಲಿ ಜಾಗಕ್ಕೆ ಆಂಟಿಬಯಾಟಿಕ್ ಬೆರೆಸಿದ ಸಿಮೆಂಟಿನ ಸ್ಪೇಸರ್ (ತಾತ್ಕಾಲಿಕ ತುಂಡು) ಇಡುತ್ತಾರೆ, ಸಾಮಾನ್ಯವಾಗಿ 6 ವಾರ ಔಷಧಿ. ಸೋಂಕು ಹೋದ ಮೇಲೆ ಹೊಸ ಕೀಲು. ಆ ಔಷಧಿಯ ಇಂಜೆಕ್ಷನ್‌ಗೆ ದಿನವೂ ಮೈಸೂರಿಗೆ ಹೋಗಿಬರುವುದು ಆಗದ ಮಾತು. ಊರಿನ ಹತ್ತಿರವೇ ಕೊಡಿಸಬಹುದೇ ಎಂದು ಡಿಸ್ಚಾರ್ಜ್‌ಗೆ ಮುಂಚೆಯೇ ಕೇಳಿ. ನಮ್ಮ ಮಳೆಯಲ್ಲಿ ಡ್ರೆಸ್ಸಿಂಗ್ ಒದ್ದೆಯಾದರೆ ತಕ್ಷಣ ಬದಲಿಸಿ.