ಹಳೇ ಕೋವಿ, ಹಳೇ ಜೀಪು: ಇಟ್ಟುಕೊಳ್ಳೋದಾ, ಮಾರೋದಾ?

ಹಳೇಶಿಕಾರಿ:
ಹುಡುಗನಾಗಿದ್ದಾಗಿನಿಂದ ಶಿಕಾರಿ ಮಾಡಿದವನು ನಾನು, ಈಗ ಮಂಡಿ ಮಾತು ಕೇಳುವುದಿಲ್ಲ. ಅಪ್ಪನ ಕಾಲದ 12 ಬೋರ್ ಜೋಡುನಳಿಗೆ ಕೋವಿ ಇದೆ, ಹಳೇ ಜೀಪೂ ಇದೆ. ಎರಡನ್ನೂ ಮಾರಿ ಸ್ಕೋಪ್ ಇರುವ ರೈಫಲ್, ಹೊಸ ಪಿಕಪ್ ತಗೊಳ್ಳಿ ಅಂತ ಮಗನ ಒತ್ತಾಯ. ಈ ಕೋವಿ ಭುಜಕ್ಕೆ ಏರಿಸಿದರೆ ಕಣ್ಣು ತಾನಾಗಿ ನಳಿಗೆಯ ಸಾಲಿಗೆ ಬಂದು ಕೂರುತ್ತದೆ, ಬಿಡೋದು ಹೇಗೆ? ನೀವೇನಂತೀರಿ?

ನಳಿಗೆಗೆಣ್ಣೆ:
ಮಾರಬೇಡಿ ಯಜಮಾನ್ರೇ. ಆದರೆ ತೋಟಾ ವಿಷಯದಲ್ಲಿ ಹುಷಾರು. ಹಳೇ ಕೋವಿಗಳಲ್ಲಿ ತೋಟಾ ಕೂರುವ ಜಾಗ ಎಷ್ಟೋ ಸಲ 65 ಮಿ.ಮೀ. ಇರುತ್ತದೆ, ಈಗ ಜಾಸ್ತಿ ಸಿಗೋದು 70 ಮಿ.ಮೀ. ತೋಟಾ. ಅದು ಸಲೀಸಾಗಿ ಒಳಗೆ ಹೋಗುತ್ತದೆ, ಅದೇ ಮೋಸ, ಯಾಕಂದ್ರೆ ಆ ಅಳತೆ ತೋಟಾದ ಮಡಚಿದ ಬಾಯಿ ಬಿಚ್ಚಿಕೊಂಡ ಮೇಲಿನದು. ಹಾರಿಸಿದಾಗ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ. ನಳಿಗೆ ಮೇಲೆ ಸುರುಳಿ ಗೆರೆ ಕಂಡರೆ ಡಮಾಸ್ಕಸ್ ನಳಿಗೆ (ಕಬ್ಬಿಣ-ಉಕ್ಕಿನ ಪಟ್ಟಿ ಸುತ್ತಿ ಬೆಸೆದ ಹಳೇ ಕಾಲದ್ದು) ಇರಬಹುದು, ಬಲ್ಲವರಿಗೆ ತೋರಿಸದೆ ಹೊಸ ತೋಟಾ ಹಾಕಲೇಬೇಡಿ.

ಕೆಸರುದಾರಿ:
ರೈಫಲ್ ಬೇರೆ ಕೆಲಸದ್ದು ಸಾರ್. ನಿಮ್ಮದರಂಥ ಚರೆ ಕೋವಿ, ಅಂದ್ರೆ ಸಣ್ಣ ಗುಂಡುಗಳನ್ನು ಚದುರಿಸಿ ಹಾರಿಸೋದು, ಸುಮಾರು 40 ಗಜದ ಒಳಗಿನ ಆಟ. ರೈಫಲ್ ಗುಂಡು ಗುರಿ ತಪ್ಪಿದರೆ ಕಿಲೋಮೀಟರ್‌ಗಟ್ಟಲೆ ಹೋಗುತ್ತದೆ, ಹಿಂದೆ ಮಣ್ಣಿನ ದಿಬ್ಬ ಇಲ್ಲದೆ ಹಾರಿಸೋ ಹಾಗಿಲ್ಲ. ಜೀಪಂತೂ ಇರಲಿ. ಲೋ ಗೇರಿಗೆ ಹಾಕಿದರೆ ಇಳಿಜಾರಲ್ಲಿ ಇಂಜಿನ್ನೇ ಗಾಡಿಯನ್ನು ಹಿಡಿಯುತ್ತದೆ. ಹೊಸ ಪಿಕಪ್ಪಿನ ಸೆನ್ಸರ್ ಕೈಕೊಟ್ಟರೆ ಕಾಡಲ್ಲಿ ಸ್ಪ್ಯಾನರ್ ಹಿಡಿದು ಸುಮ್ನೆ ನಿಲ್ಲಬೇಕು, ಅಲ್ವಾ? ಗಾಡಿ ಹತ್ತುವ ಮೊದಲು ತೋಟಾ ತೆಗೆಯಿರಿ, ಅದು ಗೊತ್ತೇ ಇರುತ್ತದೆ ನಿಮಗೆ.

ಹಳೇಶಿಕಾರಿ:
ಗೊತ್ತು ಮಾರಾಯ್ರೇ! ತೋಟಾ ಜಾಗ ಅಳೆಸುತ್ತೇನೆ. ಪಿಕಪ್ ಬೇಕಿದ್ದರೆ ಮಗನೇ ತಗೊಳ್ಳಲಿ, ಸೀಟು ಮೆತ್ತಗಿದ್ದರೆ ನಾನೂ ಕೂರುತ್ತೇನೆ.