‘ಬಾಕ್ ಯಿಮ್ ಸಿಂಗ್’ ಅಂದ್ರೆ ಬೈಗುಳವಾ, ಮುದ್ದಾ?

ತೀರ್ಥಹಳ್ಳಿ ಅತ್ತೆ:
ಹಾಂಗ್‌ಕಾಂಗ್‌ನಲ್ಲಿರುವ ತಮ್ಮನ ಮಗ ರಜೆಗೆ ಊರಿಗೆ ಬಂದಿದ್ದಾನೆ, ಏಳು ವರ್ಷ. ನಿನ್ನೆ ಅಜ್ಜನ ಖಾಲಿ ಸುಣ್ಣದ ಡಬ್ಬಿ ತೊಳೆದು, ಗಟ್ಟಿ ಮೊಸರು ತುಂಬಿ, ಕವಳದ ಸಂಚಿಯೊಳಗೆ ಇಟ್ಟುಬಿಟ್ಟಿದ್ದ. ಅಜ್ಜ ಎಲೆಗೆ ಸವರಿ, ಅಡಿಕೆ ಇಟ್ಟು, ಎಷ್ಟು ಜಗಿದರೂ ಬಾಯಿ ಕೆಂಪಾಗಲೇ ಇಲ್ಲ! ಫೋನಿನಲ್ಲಿ ಹೇಳಿದರೆ, ಅಲ್ಲಿ ಪಕ್ಕದ ಮನೆ ಅಜ್ಜಿ ಇವನನ್ನು ‘ಬಾಕ್ ಯಿಮ್ ಸಿಂಗ್’ ಅಂತಲೇ ಕರೆಯೋದು ಅಂದ ತಮ್ಮ. ಕ್ಯಾಂಟನೀಸ್ ಮಾತಂತೆ. ನಾನೂ ಹಾಗೆ ಕರೆಯಬಹುದಾ?

ಸಾಗರದವನು:
ಧಾರಾಳವಾಗಿ ಕರೆಯಿರಿ ಅಕ್ಕಾ. ಅಲ್ಲಿ ಆರು ವರ್ಷ ಇದ್ದೆ, ಲಿಫ್ಟಿನಲ್ಲಿ, ಮಾರ್ಕೆಟ್ಟಿನಲ್ಲಿ ದಿನಾ ಕೇಳುತ್ತಿದ್ದ ಮಾತು. ‘ಬಾಕ್’ ಅಂದರೆ ನೂರು, ‘ಯಿಮ್’ ಅಂದರೆ ಬೇಸರ, ‘ಸಿಂಗ್’ ಅಂದರೆ ನಕ್ಷತ್ರ. ಬರೀ ‘ಬಾಕ್ ಯಿಮ್’ ಅಂದರೆ ತುಂಟತನ, ‘ಸಿಂಗ್’ ಸೇರಿದರೆ ತುಂಟ ಮಗು. ಬೈದ ಹಾಗೆ ಕೇಳಿಸುತ್ತದೆ, ಆದರೆ ಹೇಳುವವರ ಮುಖದಲ್ಲಿ ನಗು ಇರುತ್ತದೆ. ಮಕ್ಕಳಿಗೇ ಹೇಳುವ ಮಾತು, ಆಫೀಸಿನಲ್ಲಿ ದೊಡ್ಡವರಿಗೆ ಹೇಳಬೇಡಿ. ದೊಡ್ಡವರಲ್ಲಿ ಆ ಚೇಷ್ಟೆ ಬುದ್ಧಿ ಇದ್ದರೆ ‘ಗ್ವೈ ಮಾ’ ಅನ್ನುತ್ತಾರೆ. ಅಕ್ಷರಕ್ಕೆ ಅಕ್ಷರ ನೋಡಿದರೆ ದೆವ್ವ, ಕುದುರೆ! ಅದು ಹೊಗಳಿಕೆಯೇ. ‘ಕೊಯ್ ಹೋ ಗ್ವೈ ಮಾ’ ಅಂದರೆ ಅವನು ಭಾರಿ ತಮಾಷೆಯವನು ಅಂತ. ‘ಗ್ವೈ’, ‘ಮಾ’ ಎರಡಕ್ಕೂ ದನಿ ಮೇಲೇರಬೇಕು, ನಾವು ‘ಹೌದಾ?’ ಅಂತ ಕೇಳುವ ಹಾಗೆ. ಆ ಭಾಷೆಯಲ್ಲಿ ದನಿಯ ಏರಿಳಿತ ಆರು ಬಗೆ, ಅದು ತಪ್ಪಿದರೆ ಮಾತೇ ಬೇರೆಯಾಗುತ್ತದೆ.

ಹೊಸನಗರ ಮೇಷ್ಟ್ರು:
ನೂರು ಬೇಸರದ ನಕ್ಷತ್ರ! ನಮ್ಮ ನಕ್ಷತ್ರಿಕನೇ ಅಲ್ವಾ?

ಸಾಗರದವನು:
ಇಲ್ಲ ಮೇಷ್ಟ್ರೇ. ನಕ್ಷತ್ರಿಕ ಸಾಲಕ್ಕಾಗಿ ಹರಿಶ್ಚಂದ್ರನ ಜೀವ ತಿಂದವನು, ಅವನ ಮೇಲೆ ಯಾರಿಗೆ ಮುದ್ದು ಬರುತ್ತದೆ? ನನಗಂತೂ ನಮ್ಮಮ್ಮ ಹೇಳುತ್ತಿದ್ದ ‘ಕಿತಾಪತಿ ಮಾಣಿ’ಯೇ ಸರಿ ಅನ್ನಿಸುತ್ತದೆ. ಇನ್ನೊಂದು ಮಾತು, ‘ಜಿಂಗ್ ಗು’, ಅಂದರೆ ಕೀಟಲೆ ಮಾಡಿ ಬೇಸ್ತು ಬೀಳಿಸುವುದು. ‘ಮ್ ಹೋ ಜಿಂಗ್ ಗು ಙೋ’ ಅಂದರೆ ನನ್ನನ್ನು ಗೋಳು ಹೊಯ್ಕೋಬೇಡ. ಶಾಲೆಯಲ್ಲಿ ಸುಮ್ನೆ ಬಾಯಿಪಾಠ ಮಾಡಿದ ‘ಙ’ ನನಗೆ ಕೆಲಸಕ್ಕೆ ಬಂದಿದ್ದು ಅಲ್ಲೇ, ‘ನಾನು’ ಅನ್ನಲು ಅದೇ ಬೇಕು.

ತೀರ್ಥಹಳ್ಳಿ ಅತ್ತೆ:
ಆ ಸಾಲು ಅಜ್ಜನಿಗೆ ಕಲಿಸಿದೆ. ಬೆಳಿಗ್ಗೆ ಕವಳ ಹಾಕುವ ಮೊದಲು ಡಬ್ಬಿ ಮೂಸಿ, ಮೊಮ್ಮಗನ ಕಡೆ ತಿರುಗಿ ‘ಮ್ ಹೋ ಜಿಂಗ್ ಗು ಙೋ’ ಅಂದರು. ಹುಡುಗ ನಕ್ಕೂ ನಕ್ಕೂ ಚಾವಡಿಯಲ್ಲೇ ಉರುಳಾಡಿಬಿಟ್ಟ.