ಕಡಿಮೆ ಬಜೆಟ್ಟಿನ ಮೊದಲ ಬೈಕು: ಮೆಕ್ಯಾನಿಕ್ ಅವರಿಗೆ ಸದಸ್ಯರ ಪ್ರಶ್ನೆಗಳು

ಪ್ರಶ್ನೆ: ನಮಸ್ಕಾರ ಸರ್. ನಾನು ಗುಬ್ಬಿಯವನು. ತುಮಕೂರಿನಲ್ಲಿ ಕೆಲಸ ಸಿಕ್ಕಿದ್ದು, ಹೋಗಿಬರಲು ದಿನಕ್ಕೆ ಸುಮಾರು 40 ಕಿಲೋಮೀಟರ್ ಆಗುತ್ತದೆ. ಪಾಳಿ ಕೆಲಸವಾದ್ದರಿಂದ ಬಸ್ಸು ಹೊಂದುವುದಿಲ್ಲ. ಕೈಯಲ್ಲಿ 60,000 ರೂಪಾಯಿ ಇದೆ, ಸಾಲ ಮಾಡುವ ಮನಸ್ಸಿಲ್ಲ. ಹಳೆಯದಾದರೂ 150 ಸಿಸಿ ಬೈಕನ್ನೇ ತೆಗೆದುಕೋ ಎಂದು ಗೆಳೆಯರು ಹೇಳುತ್ತಾರೆ, ಸ್ಪ್ಲೆಂಡರ್ ಸಾಕು ಎಂದು ಅಪ್ಪ ಹೇಳುತ್ತಾರೆ. ಬೈಕಿನ ಬಗ್ಗೆ ನನಗೆ ಏನೂ ತಿಳಿಯದು. ಯಾವುದನ್ನು ಕೊಳ್ಳಲಿ?

ಉತ್ತರ: ನಮಸ್ಕಾರ. ಮೊದಲು ಹಣದ ವಿಷಯ ಹೇಳಿಬಿಡುತ್ತೇನೆ. ಆ 60,000 ರೂಪಾಯಿಯನ್ನು ಪೂರ್ತಿಯಾಗಿ ಬೈಕಿಗೇ ಕೊಡಬೇಡಿ. ಬೈಕಿನ ಬೆಲೆ 45,000ದ ಒಳಗಿರಲಿ, ಉಳಿದದ್ದನ್ನು ಮೊದಲ ತಿಂಗಳ ಕೆಲಸಕ್ಕೆಂದು ಎತ್ತಿಡಿ. ಸೆಕೆಂಡ್ ಹ್ಯಾಂಡ್ ಬೈಕು ಎಷ್ಟೇ ಚೆನ್ನಾಗಿ ಕಂಡರೂ ಎಂಜಿನ್ ಆಯಿಲ್, ಬ್ರೇಕ್ ಶೂ, ಏರ್ ಫಿಲ್ಟರ್, ಬಹಳಷ್ಟು ಸಲ ಒಂದು ಟೈರು ಅಥವಾ ಚೈನ್ ಸ್ಪ್ರಾಕೆಟ್ ಸೆಟ್ಟು (ಚೈನು ಮತ್ತು ಅದು ಓಡುವ ಹಲ್ಲುಚಕ್ರಗಳು) ಬದಲಿಸಬೇಕಾಗುತ್ತದೆ. ಅದರ ಮೇಲೆ ಹೆಸರು ವರ್ಗಾವಣೆ, ವಿಮೆ, ಐಎಸ್‌ಐ ಗುರುತಿನ ಒಳ್ಳೆಯ ಹೆಲ್ಮೆಟ್ ಇವುಗಳ ಖರ್ಚೂ ಬರುತ್ತದೆ. ಇದ್ದ ಹಣವನ್ನೆಲ್ಲ ಮಾರುವವರ ಕೈಗಿಟ್ಟ ಹುಡುಗರು ಸವೆದ ಟೈರಿನಲ್ಲೇ ಆರು ತಿಂಗಳು ಓಡಿಸುವುದನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ನಿಮ್ಮ ಅಪ್ಪನ ಮಾತಿಗೇ ನನ್ನ ಒಪ್ಪಿಗೆ. 150 ಸಿಸಿ ಬೈಕು ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಆದರೆ ನಿಮ್ಮ ಬಜೆಟ್ಟಿನಲ್ಲಿ ಸಿಗುವ 150 ಸಿಸಿ ಬೈಕು ಸಾಮಾನ್ಯವಾಗಿ ಹೆಚ್ಚು ಹಳೆಯದು, ಹೆಚ್ಚು ಕೈ ಬದಲಾದದ್ದು ಆಗಿರುತ್ತದೆ. ಅದೇ ಹಣಕ್ಕೆ 100 ಅಥವಾ 125 ಸಿಸಿಯಲ್ಲಿ ಅದಕ್ಕಿಂತ ಹೊಸದಾದ, ಒಬ್ಬರೇ ಮಾಲೀಕರು ಬಳಸಿದ ಬೈಕು ಸಿಗುವ ಸಾಧ್ಯತೆ ಹೆಚ್ಚು. ಸ್ಪ್ಲೆಂಡರ್, ಶೈನ್, ಪ್ಲಾಟಿನಾ ಇವುಗಳಲ್ಲಿ ಯಾವುದಾದರೂ ಆಗಬಹುದು. ಮಾಡೆಲ್ಲಿನ ಹೆಸರಿಗಿಂತ ಆ ನಿರ್ದಿಷ್ಟ ಬೈಕಿನ ಸ್ಥಿತಿ ಮುಖ್ಯ. ನಿಮ್ಮ ಊರಿನಲ್ಲೇ ಅದರ ಬಿಡಿಭಾಗ ಸಿಗುತ್ತದೆಯೇ, ರಿಪೇರಿ ಬಲ್ಲವರು ಇದ್ದಾರೆಯೇ ಎಂಬುದೂ ಅಷ್ಟೇ ಮುಖ್ಯ.

ಒಂದು ವಿಷಯ ಗಮನಿಸಿ. 2020ರ ಏಪ್ರಿಲ್ 1ರಿಂದ ಬಿಎಸ್6 ಎಂಬ ಹೊಗೆ ನಿಯಂತ್ರಣ ನಿಯಮ ಜಾರಿಗೆ ಬಂದ ಮೇಲೆ, ಎಂಜಿನ್ನಿಗೆ ಪೆಟ್ರೋಲ್ ಊಡಿಸುವ ಕೆಲಸದಲ್ಲಿ ಬಹುಪಾಲು ಬೈಕುಗಳು ಹಳೆಯ ಕಾರ್ಬುರೇಟರ್ ಬಿಟ್ಟು, ಎಲೆಕ್ಟ್ರಾನಿಕ್ ಆಗಿ ನಡೆಯುವ ಫ್ಯುಯೆಲ್ ಇಂಜೆಕ್ಷನ್‌ಗೆ ಬದಲಾದವು. ಇಂಜೆಕ್ಷನ್ ಬೈಕು ಚಳಿಯಲ್ಲೂ ಚೋಕ್ ಇಲ್ಲದೆ ಸ್ಟಾರ್ಟ್ ಆಗುತ್ತದೆ, ಆದರೆ ಅದರ ದೋಷ ಹುಡುಕಲು ಸ್ಕ್ಯಾನರ್ ಬೇಕಾಗಬಹುದು. ಟ್ಯಾಂಕಿನೊಳಗಿನ ಪಂಪು ಪೆಟ್ರೋಲಿನಿಂದಲೇ ತಂಪಾಗಿರುವುದರಿಂದ ಟ್ಯಾಂಕು ಬರಿದಾಗುವವರೆಗೆ ಓಡಿಸುವುದೂ ಒಳ್ಳೆಯದಲ್ಲ. ನೀವು ದಿನವೂ ತುಮಕೂರಿಗೇ ಹೋಗುವವರು, ಅಲ್ಲಿ ಸರ್ವಿಸ್ ಸೆಂಟರ್‌ಗಳಿವೆ, ಹಾಗಾಗಿ ಕಾರ್ಬುರೇಟರ್, ಇಂಜೆಕ್ಷನ್ ಎರಡೂ ನಡೆಯುತ್ತದೆ.

ಮರುಪ್ರಶ್ನೆ (ಅದೇ ಸದಸ್ಯರು): ತುಂಬಾ ಉಪಕಾರವಾಯಿತು ಸರ್. ನೋಡಲು ಹೋದಾಗ ಏನೇನು ಪರೀಕ್ಷಿಸಬೇಕು? ಕಾಗದಪತ್ರಗಳಲ್ಲಿ ಏನು ನೋಡಬೇಕು?

ಉತ್ತರ: ಬೆಳಗ್ಗೆ ಹೋಗಿ, ನೀವು ಬರುವ ಮುನ್ನ ಸ್ಟಾರ್ಟ್ ಮಾಡಬಾರದೆಂದು ಮೊದಲೇ ತಿಳಿಸಿ. ಹೋದ ಕೂಡಲೇ ಎಂಜಿನ್ನಿನ ಹತ್ತಿರ ಕೈಯಿಟ್ಟು ನೋಡಿ. ಬಿಸಿಯಾಗಿದ್ದರೆ ತಣ್ಣಗಾಗುವವರೆಗೆ ಕಾಯಿರಿ, ಏಕೆಂದರೆ ಎಂಜಿನ್ನಿನ ನಿಜವಾದ ಸ್ಥಿತಿ ತಿಳಿಯುವುದು ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೆ ಮಾತ್ರ. ಮುಂಜಾನೆ ಸ್ವಲ್ಪ ಹೊತ್ತು ಬಿಳಿ ಹಬೆ ಬಂದರೆ ಹೆದರಬೇಡಿ, ಅದು ಸೈಲೆನ್ಸರ್ ಒಳಗಿನ ತೇವ. ನೀಲಿ ಛಾಯೆಯ ಹೊಗೆ ಬಿಡದೆ ಬರುತ್ತಿದ್ದರೆ ಎಂಜಿನ್ ಆಯಿಲ್ ಉರಿಯುತ್ತಿದೆ ಎಂದರ್ಥ, ಬೋರ್ ಕೆಲಸಕ್ಕೆ (ಎಂಜಿನ್ ಬಿಚ್ಚಿ ಒಳಗಿನ ಸವೆತ ಸರಿಪಡಿಸುವುದಕ್ಕೆ) ದೊಡ್ಡ ಖರ್ಚು ಕಾದಿದೆ. ಅಂಥ ಬೈಕನ್ನು ಚೌಕಾಸಿ ಮಾಡದೆ ಬಿಟ್ಟು ಬನ್ನಿ.

ಆಮೇಲೆ ಡಬಲ್ ಸ್ಟ್ಯಾಂಡ್ ಹಾಕಿ, ಹಿಂದಿನಿಂದ ಒಬ್ಬರು ಅದುಮಿ ಮುಂದಿನ ಚಕ್ರ ಮೇಲೆ ಏಳುವಂತೆ ಮಾಡಿದಾಗ ಹ್ಯಾಂಡಲ್ಲನ್ನು ನಿಧಾನವಾಗಿ ಎಡಕ್ಕೂ ಬಲಕ್ಕೂ ತಿರುಗಿಸಿ ನೋಡಿ. ನಡುವೆ ಎಲ್ಲಿಯಾದರೂ ಕಚ್ಚಿಕೊಂಡಂತಾದರೆ ಕೋನ್ ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಕಡೆಯ ಬೇರಿಂಗು, ಹೋಗಿದೆ. ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕಿನ ಕೊಳವೆಯ ಮೇಲೆ ಎಣ್ಣೆ ಜಿನುಗಿದ್ದರೆ ಆಯಿಲ್ ಸೀಲ್ ಸೋರುತ್ತಿದೆ. ಇವೆರಡೂ ಸರಿಪಡಿಸಬಹುದಾದ ದೋಷಗಳೇ, ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಆದರೆ ಕೈ ಸಡಿಲಬಿಟ್ಟು ಓಡಿಸಿದಾಗ ಬೈಕು ಒಂದೇ ಕಡೆಗೆ ಎಳೆದರೆ ಫೋರ್ಕು ಅಥವಾ ಚಾಸಿ (ಬೈಕಿನ ಚೌಕಟ್ಟು) ಬಾಗಿರಬಹುದು, ಬಿದ್ದ ಗಾಡಿಯೆಂಬ ಅನುಮಾನವಿರಲಿ. ಟೈರಿನ ಬದಿಯಲ್ಲಿ ನಾಲ್ಕು ಅಂಕಿಗಳಿರುತ್ತವೆ: 2319 ಎಂದಿದ್ದರೆ 2019ನೇ ವರ್ಷದ 23ನೇ ವಾರದಲ್ಲಿ ತಯಾರಾದದ್ದು. ಟೈರಿನ ಮೇಲಿನ ಗೀರುಗಳು ಆಳವಾಗಿಯೇ ಇದ್ದರೂ ಹಳೆಯ ರಬ್ಬರ್ ಗಟ್ಟಿಯಾಗಿ, ಮಳೆಯಲ್ಲಿ ಹಿಡಿತ ಕೊಡುವುದಿಲ್ಲ.

ಕಾಗದದ ವಿಚಾರದಲ್ಲಿ ಪರಿಚಯದವರೆಂದು ದಾಕ್ಷಿಣ್ಯ ಬೇಡ. ಆರ್‌ಸಿಯಲ್ಲಿರುವ (ನೋಂದಣಿ ಪತ್ರದಲ್ಲಿರುವ) ಚಾಸಿ ಮತ್ತು ಎಂಜಿನ್ ಸಂಖ್ಯೆಗಳನ್ನು ಗಾಡಿಯ ಮೇಲಿನವುಗಳೊಂದಿಗೆ ಅಂಕಿ ಅಂಕಿ ಹೋಲಿಸಿ. ಆರ್‌ಸಿಯಲ್ಲಿ ಸಾಲದ ಗುರುತು ಇದ್ದರೆ ಬ್ಯಾಂಕಿನ ನಿರಾಕ್ಷೇಪಣಾ ಪತ್ರ ಹಾಗೂ ಆ ಗುರುತನ್ನು ತೆಗೆಸುವ ಫಾರ್ಮ್ 35 ಇಲ್ಲದೆ ಮುಂಗಡವನ್ನೂ ಕೊಡಬೇಡಿ. ವರ್ಗಾವಣೆಗೆ ಫಾರ್ಮ್ 29 ಮತ್ತು 30 ಬೇಕು. ಒಂದೇ ರಾಜ್ಯದೊಳಗಾದರೆ ಮಾರಿದವರು 14 ದಿನಗಳೊಳಗೆ, ಕೊಂಡವರು 30 ದಿನಗಳೊಳಗೆ ಆರ್‌ಟಿಒಗೆ ತಿಳಿಸಬೇಕೆಂದು ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ವಿಮೆಯನ್ನು ನಿಮ್ಮ ಹೆಸರಿಗೆ ಮಾಡಿಸಲು 14 ದಿನಗಳೊಳಗೆ ಕಂಪನಿಗೆ ಅರ್ಜಿ ಕೊಡಿ. ನೋಂದಣಿಯ ಅವಧಿ 15 ವರ್ಷವಾದ್ದರಿಂದ ಅದಕ್ಕೆ ಹತ್ತಿರವಾದ ಬೈಕು ಅಗ್ಗಕ್ಕೆ ಸಿಕ್ಕರೂ ನವೀಕರಣದ ಓಡಾಟ ನಿಮ್ಮ ಪಾಲಿಗೆ ಬರುತ್ತದೆ.

ಪ್ರಶ್ನೆ (ಇನ್ನೊಬ್ಬ ಸದಸ್ಯೆ): ಅಣ್ಣ, ನನ್ನ ಎತ್ತರ ಐದು ಅಡಿ ಒಂದು ಅಂಗುಲ. ಸ್ಕೂಟರ್ ಓಡಿಸಿ ರೂಢಿಯಿದೆ, ಈಗ ಗೇರ್ ಬೈಕು ಕಲಿಯಬೇಕೆಂಬ ಆಸೆ. ನನಗೆ ಆಗುತ್ತದೆಯೇ?

ಉತ್ತರ: ಖಂಡಿತ ಆಗುತ್ತದೆ ತಂಗಿ. ಸೀಟಿನ ಎತ್ತರ ಮತ್ತು ಗಾಡಿಯ ತೂಕ ಎರಡನ್ನೂ ನೋಡಿ. ಸ್ಪ್ಲೆಂಡರ್ ಪ್ಲಸ್ ಸೀಟು 785 ಮಿಲಿಮೀಟರ್, ತೂಕ ಸುಮಾರು 112 ಕಿಲೋ. ಶೈನ್ 100 ಸೀಟು 786 ಮಿಲಿಮೀಟರ್, ತೂಕ 99 ಕಿಲೋ. ಸೀಟು ಒಂದೇ ಎತ್ತರವಿದ್ದರೂ ಇಳಿಜಾರಿನಲ್ಲಿ ನಿಲ್ಲಿಸಿ ಹಿಂದಕ್ಕೆ ತಳ್ಳುವಾಗ ಆ ತೂಕದ ವ್ಯತ್ಯಾಸ ನಿಮಗೆ ಚೆನ್ನಾಗಿ ತಿಳಿಯುತ್ತದೆ. ಎರಡೂ ಪಾದಗಳು ಪೂರ್ತಿ ಊರದಿದ್ದರೂ ಪಾದಗಳ ಮುಂಭಾಗ ಭದ್ರವಾಗಿ ಊರಿದರೆ ಸಾಕು.

ಗೇರ್ ಇಲ್ಲದ ವಾಹನಕ್ಕೆ ಮಾತ್ರ ಲೈಸೆನ್ಸ್ ಇದ್ದರೆ ಅದು ಬೈಕಿಗೆ ನಡೆಯುವುದಿಲ್ಲ. ಎಲ್‌ಎಲ್‌ಆರ್ (ಕಲಿಕಾ ಲೈಸೆನ್ಸ್) ಮಾಡಿಸಿ, ಅದು ಆರು ತಿಂಗಳು ಊರ್ಜಿತವಾಗಿರುತ್ತದೆ, 30 ದಿನಗಳ ನಂತರ ಪರೀಕ್ಷೆ ಕೊಡಬಹುದು. ಕಲಿಯುವಾಗ ಮೈದಾನದಲ್ಲಿ ಆಕ್ಸಿಲರೇಟರ್ ಮುಟ್ಟದೆ, ಕ್ಲಚ್ಚನ್ನು ಮೆಲ್ಲಗೆ ಬಿಡುತ್ತಾ ಗಾಡಿ ಕದಲುವ ಹಂತವನ್ನು ಕೈ ಗುರುತಿಸುವವರೆಗೆ ಅಭ್ಯಾಸ ಮಾಡಿ. ರಸ್ತೆಗಿಳಿದ ಮೇಲೆ ಅರ್ಧ ಕ್ಲಚ್ ಹಿಡಿದೇ ಓಡಿಸುವ ಚಾಳಿ ಬೆಳೆದರೆ ಕ್ಲಚ್ ಪ್ಲೇಟುಗಳು ಬೇಗ ಸುಟ್ಟುಹೋಗುತ್ತವೆ.

ಪ್ರಶ್ನೆ (ಮೊದಲ ಸದಸ್ಯರು): ಕೊಂಡ ಮೇಲೆ ಮನೆಯಲ್ಲಿ ನಾನೇ ಮಾಡಿಕೊಳ್ಳಬಹುದಾದ ಕೆಲಸಗಳು ಯಾವುವು ಸರ್?

ಉತ್ತರ: ದಿನಕ್ಕೆ 40ರಂತೆ ತಿಂಗಳಿಗೆ ಸುಮಾರು 1,000 ಕಿಲೋಮೀಟರ್ ಓಡುತ್ತದೆ. ಹದಿನೈದು ದಿನಕ್ಕೊಮ್ಮೆ ಚೈನ್ ನೋಡಿಕೊಳ್ಳಿ. ಸ್ಪ್ಲೆಂಡರಿನಂಥ ಬೈಕಿನಲ್ಲಿ ಚೈನ್ ಕವರಿನ ಮೇಲಿರುವ ರಬ್ಬರ್ ಮುಚ್ಚಳ ತೆಗೆದು ಬೆರಳಿನಿಂದ ಮೇಲೆ ಕೆಳಗೆ ಆಡಿಸಿದರೆ ಸಡಿಲ 20ರಿಂದ 30 ಮಿಲಿಮೀಟರ್ ಒಳಗಿರಬೇಕು. ಬೇರೆ ಬೈಕಿನ ಅಳತೆಯನ್ನು ಕೈಪಿಡಿಯಲ್ಲಿ ನೋಡಿ. ನಮ್ಮ ಕಡೆ ಬದಲಿಸಿ ತೆಗೆದ ಹಳೆಯ ಎಂಜಿನ್ ಆಯಿಲನ್ನೇ ಚೈನಿಗೆ ಸುರಿಯುವ ರೂಢಿಯಿದೆ, ದಯವಿಟ್ಟು ಬಿಡಿ; ಅದರಲ್ಲಿ ಲೋಹದ ಪುಡಿಯಿರುತ್ತದೆ, ಸಿಡಿದು ಟೈರಿಗೂ ಬೀಳುತ್ತದೆ. ಒರೆಸಿ ಸ್ವಚ್ಛ ಮಾಡಿ 90 ನಂಬರ್ ಗೇರ್ ಆಯಿಲ್ ಹಚ್ಚಿ. ಚೈನ್ ಸವೆದಾಗ ಎರಡೂ ಸ್ಪ್ರಾಕೆಟ್‌ಗಳೊಂದಿಗೆ ಸೆಟ್ಟನ್ನೇ ಬದಲಿಸಿ. ಒಂದನ್ನೇ ಹೊಸದು ಹಾಕಿದರೆ ಹಳೆಯ ಹಲ್ಲುಗಳು ಅದನ್ನೂ ಬೇಗ ತಿನ್ನುತ್ತವೆ.

ಎಂಜಿನ್ ಆಯಿಲ್ ಡಬ್ಬಿಯ ಮೇಲೆ ಜಾಸೋ ಎಂಎ ಅಥವಾ ಎಂಎ2 (JASO MA, MA2) ಎಂಬ ಗುಣಮಟ್ಟದ ಗುರುತು ಇರಲೇಬೇಕು. ಈ ಬೈಕುಗಳಲ್ಲಿ ಕ್ಲಚ್ ಆಯಿಲಿನಲ್ಲೇ ಮುಳುಗಿರುವುದರಿಂದ ಕಾರಿನ ಆಯಿಲ್ ಹಾಕಿದರೆ ಜಾರಬಹುದು. ಕಂಪನಿಗಳು ಇದಕ್ಕಿಂತ ದೀರ್ಘ ಅಂತರ ಹೇಳಿದ್ದರೂ ಓಡಿದ ಬೈಕಿಗೆ ನಾನು 3,000 ಕಿಲೋಮೀಟರಿಗೊಮ್ಮೆ, ಅಂದರೆ ನಿಮಗೆ ಮೂರು ತಿಂಗಳಿಗೊಮ್ಮೆ, ಬದಲಿಸಲು ಹೇಳುತ್ತೇನೆ; ಹಿಡಿಯುವುದು ಸುಮಾರು ಒಂದು ಲೀಟರ್. ಟೈರಿನ ಗಾಳಿಯನ್ನು ವಾರಕ್ಕೊಮ್ಮೆ, ಟೈರು ತಣ್ಣಗಿರುವಾಗ ನೋಡಿಸಿ. 100 ಸಿಸಿ ಬೈಕಿಗೆ ಸಾಮಾನ್ಯವಾಗಿ ಮುಂದೆ 25, ಹಿಂದೆ ಒಬ್ಬರೇ ಕುಳಿತಾಗ 28 ಪಿಎಸ್‌ಐ ಆಸುಪಾಸು ಇರುತ್ತದೆ.

ಬ್ರೇಕಿನ ವಿಷಯ ಕೊನೆಗೆ ಬಂದರೂ ಅದನ್ನೇ ಮೊದಲು ಮಾಡಿಸಿ. ಡ್ರಮ್ ಬ್ರೇಕಿನ ಹೊರಗೆ ಒಂದು ಬಾಣದ ಗುರುತಿದೆ. ಬ್ರೇಕು ಪೂರ್ತಿ ಒತ್ತಿದಾಗ ಅದು ಅಂಚಿನ ಗುರುತನ್ನು ಮುಟ್ಟಿದರೆ ಶೂ ಮುಗಿದಿದೆ, ನಟ್ಟು ಬಿಗಿಸಿ ದಿನ ದೂಡುವಂತಿಲ್ಲ. ಬೈಕು ಕೊಂಡ ದಿನವೇ ಡ್ರಮ್ ಬಿಚ್ಚಿಸಿ, ಸ್ವಚ್ಛಗೊಳಿಸಿ, ಶೂ ನಿಮ್ಮ ಕಣ್ಣಿಂದ ನೋಡಿದ ಮೇಲೆಯೇ ತುಮಕೂರಿನ ಹೆದ್ದಾರಿಗೆ ಇಳಿಯಿರಿ.